ಬಸ್ಸನ್ನೇ ನಂಬಿದ್ದ ಪಕ್ಕದ ಮನೆ ಮೇಡಂ

ಹಿರಿಯೂರಿನಲ್ಲಿ ನಮ್ಮ ಪಕ್ಕದ ಮನೆಯ ಮೇಡಂ, ಕಾರಿದ್ದರೂ ಚಿತ್ರದುರ್ಗದ ಕಾಲೇಜಿಗೆ ಪಾಠ ಮಾಡಲು ಬಸ್ಸಿನಲ್ಲೇ ಹೋಗುತ್ತಿದ್ದರು. ಕೇಳಿದರೆ ಸೆರಗಿನಿಂದ ಅಂಗೈ ಒರೆಸಿಕೊಳ್ಳುತ್ತ, “ಹೈವೇಲಿ ಲಾರಿ ಕಂಡ್ರೆ ಹೆದ್ರಿಕೆ ಕಣ್ರಿ, ಬಸ್ಸೇ ವಾಸಿ” ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನಮ್ಮಮ್ಮನಿಗೆ ಉಸಿರು ಕಟ್ಟಿತು. ಫೋನ್ ಮಾಡಿದರೆ ಆಂಬುಲೆನ್ಸ್ ತಡವಾಗುತ್ತದೆ ಎಂದರು. ನಾನು ಬೀದಿಗೆ ಬಂದು ಕೂಗಾಡುತ್ತಿದ್ದಾಗ ಮೇಡಂ ತಾವೇ ಕಾರು ತೆಗೆದರು. “ಅಮ್ಮನ್ನ ಹತ್ತಿಸ್ರಿ, ದುರ್ಗಕ್ಕೆ ಹೋಗಾಣ.”

ಐಮಂಗಲದ ಹತ್ತಿರ ಲಾರಿಯೊಂದು ಹಾರ್ನ್ ಹೊಡೆಯುತ್ತ ಒತ್ತಿಕೊಂಡೇ ಬಂತು. ಮೇಡಂ ಸ್ಟೀರಿಂಗಿನ ಮೇಲೆ ಬಾಗಿ ಕಾರನ್ನು ಎಡಕ್ಕೆ ಸರಿಸಿದರು. “ಅಮ್ಮ ಉಸಿರಾಡ್ತಾ ಅವ್ರಾ? ಹೇಳ್ತಾನೇ ಇರ್ರಿ, ನಾನು ತಿರುಗಿ ನೋಡಕಾಗಲ್ಲ.”

ಹಿಂದಿನ ಸೀಟಿನಲ್ಲಿ ಅಮ್ಮನನ್ನು ತಬ್ಬಿ ಕೂತಿದ್ದ ನಾನು ಆಸ್ಪತ್ರೆಯವರೆಗೂ “ಹ್ಞೂಂ” ಎನ್ನುತ್ತಲೇ ಇದ್ದೆ.

ಸಂಜೆ ಅಮ್ಮ ಮಾತಾಡಿದಳು. ಕಾರನ್ನು ಊರಿಗೆ ತರಲು ಹೇಳಿ ಮೇಡಂ ಅದರ ಕೀಲಿಯನ್ನು, ಆಸ್ಪತ್ರೆಗೆ ಬಂದಿದ್ದ ನನ್ನ ತಮ್ಮನಿಗೆ ಕೊಟ್ಟು ಬಸ್ ಸ್ಟ್ಯಾಂಡಿಗೆ ನಡೆದರು. ಕಳಿಸಲು ಹೋದ ನಾನು ಏನಾದರೂ ಹೇಳಬೇಕೆಂದು ಬಸ್ಸಿನ ಕಿಟಕಿಯ ಬಳಿ ನಿಂತೆ. ಬಸ್ಸು ಹೊರಡುವ ಮೊದಲೇ ಅವರು ಸೀಟಿಗೆ ತಲೆಯಾನಿಸಿ ನಿದ್ದೆಹೋಗಿದ್ದರು.