ತಾತ ಬರುವ ಮೊದಲು ಇಲ್ಲಿ ಏನಿತ್ತು?

ಮೂರು ವಾರದ ಹಿಂದಿನ ಭಾನುವಾರ ಮಸ್ಕಿಯ ಒಂದು ಮನೆಯಲ್ಲಿ ಕೂತು, ಆ ಮನೆಯ ಅಜ್ಜಿ ಮಾಡಿಸಿಕೊಟ್ಟ ಚಹಾ ಕುಡಿದು, ಆ ಅಜ್ಜಿ ಈ ನೆಲದ ಮೇಲೆ ಬದುಕಿಯೇ ಇರಲಿಲ್ಲ ಎನ್ನುವ ಅರ್ಥದ ಒಂದು ಪುಟವನ್ನು ನನ್ನ ಮಗಳು ಜೋರಾಗಿ ಓದಿದಳು. ಪೂರ್ತಿ ಹತ್ತು ನಿಮಿಷ. ನಾನು ತಡೆಯಲಿಲ್ಲ.

ಯಾಕೆ ತಡೆಯಲಿಲ್ಲ ಎಂದು ಹೇಳಿಬಿಡುತ್ತೇನೆ. ಹೇಳಿದರೆ ಮನಸ್ಸು ಹಗುರಾಗುತ್ತದೆ ಅಂತಲ್ಲ. (ಆ ಆಸೆ ಬಿಟ್ಟಾಯಿತು.)

ಈ ಅಂಕಣ ಓದುವವರಿಗೆ ಲಾಸ್ಯಾ ಗೊತ್ತು. ಹೊಸಬರಿಗಾಗಿ ಇನ್ನೊಮ್ಮೆ: ನನ್ನ ಮಗಳು, ಹತ್ತು ವರ್ಷ, ಮಾತಾಡುವಾಗ ಉಗ್ಗುತ್ತಾಳೆ. ಶಾಲೆಯಲ್ಲಿ ಅವಳು ಎದ್ದು ನಿಂತರೆ ಸಾಕು, ಹಿಂದಿನ ಬೆಂಚಿನಿಂದ ಅದೇ ಉಗ್ಗು ಕೇಳಿಸುತ್ತಿತ್ತು. ಒಂದು ದಿನ ಮಾತೇ ನಿಲ್ಲಿಸಿದಳು. ಮನೆಯಲ್ಲೂ ಅಷ್ಟೆ. ಅನ್ನ ಬೇಕಿದ್ದರೆ ಚೀಟಿ, ನೀರು ಬೇಕಿದ್ದರೆ ಚೀಟಿ. ಡಾಕ್ಟರು ಗಂಟಲಿಗೆ ಏನೂ ಆಗಿಲ್ಲ ಎಂದರು. ಅದು ನನಗೂ ಗೊತ್ತಿತ್ತು.

ಶಾಲೆ ಬಿಡಿಸಿದೆವು. ಮನೆಪಾಠ. ಸಿಂಧನೂರಿನಲ್ಲಿ ಹೋಮ್‌ಸ್ಕೂಲಿಂಗ್ ಅಂದರೆ ಜನ ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಫೀ ಕಟ್ಟೋಕೆ ಆಗ್ಲಿಲ್ವಾ ಅಂತ ಒಬ್ಬರು ಕೇಳಿಯೂ ಕೇಳಿದರು. ಹೇಗೋ ಇನ್ನೆರಡು ಮನೆಯವರು ಜೊತೆಯಾದರು. ಲಿಂಗಸುಗೂರಿನ ಗಿರಿಜಾ, ಬ್ಯಾಂಕಿನಲ್ಲಿ ಕೆಲಸ, ಮಗಳಿಗೆ ಉಬ್ಬಸ. ಮಸ್ಕಿಯ ಸುವರ್ಣಾ, ಮಗ ಒಂದು ಕಡೆ ಐದು ನಿಮಿಷ ಕೂರದ ಪೋರ. ವಾರದಲ್ಲಿ ಆರು ದಿನ ಅವರವರ ಮನೆಯಲ್ಲಿ ಪಾಠ, ಭಾನುವಾರ ಸರದಿಯಂತೆ ಒಬ್ಬರ ಮನೆಯಲ್ಲಿ ಮೂರೂ ಮಕ್ಕಳು.

ನಮ್ಮ ಭಾನುವಾರಕ್ಕೆ ಇದ್ದದ್ದು ಒಂದೇ ರೂಲ್. ಲಾಸ್ಯಾ ಮಾತಾಡುವಾಗ ಯಾರೂ ಅವಳ ಮಾತನ್ನು ಮುಗಿಸಿಕೊಡಬಾರದು. ಎಷ್ಟು ಹೊತ್ತಾದರೂ ಸರಿ, ಕಾಯಬೇಕು. ಮೂರನೇ ಭಾನುವಾರ ಅವಳು ಬಾಯಿಬಿಟ್ಟು ಇನ್ನೊಂದು ಚೂರು ಶೇಂಗಾ ಚಟ್ನಿ ಕೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತು ಬಂದೆ.

ಆಮೇಲೆ ಬಂತು ಇತಿಹಾಸ.

ಮನೆಪಾಠದವರ ಇತಿಹಾಸ ಒಂದು ಚಕ್ರ. ಮೊದಲ ವರ್ಷ ಪ್ರಾಚೀನ ಕಾಲ, ಎರಡನೇ ವರ್ಷ ರಾಜಮಹಾರಾಜರು, ಮೂರನೇ ವರ್ಷ ಬ್ರಿಟಿಷರು (ನಮ್ಮ ಕಡೆಗೆ ನಿಜಾಮ), ನಾಲ್ಕನೇ ವರ್ಷ ಸ್ವಾತಂತ್ರ್ಯ ಬಂದಮೇಲಿನದು. ಮುಗಿದರೆ ಮತ್ತೆ ಮೊದಲಿಂದ, ಇನ್ನೂ ಆಳವಾಗಿ. ಎಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಯಾವ ಕಾಲವಾದರೂ ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ.

ಆದರೆ ಎಲ್ಲಿಂದಾದರೂ ಶುರು ಮಾಡಿ ಅಂದರೆ ಮೂರು ಜನ ತಾಯಂದಿರು ಶುರು ಮಾಡುತ್ತೇವೆಯೇ?

ಅಶೋಕನ ಹೆಸರಿರುವ ಶಾಸನದ ಕಲ್ಲನ್ನು ಮಸ್ಕಿಯಲ್ಲೇ ಇಟ್ಟುಕೊಂಡು ಬೇರೆ ಕಡೆಯಿಂದ ಯಾಕೆ ಶುರು ಮಾಡಬೇಕು ಎಂದಳು ಸುವರ್ಣಾ. ಗಿರಿಜಾಗೆ ತನ್ನ ಊರ ಹತ್ತಿರದ ಮುದಗಲ್ ಕೋಟೆಯೇ ಆಗಬೇಕು. ಮಕ್ಕಳು ಹತ್ತಿ ಇಳಿದು ನೋಡುವಂಥದ್ದು, ಕಲ್ಲಿನ ಮೇಲಿನ ಗೀಚು ಯಾವ ಮಗುವಿಗೆ ತಿಳಿಯುತ್ತದೆ ಎನ್ನುವುದು ಅವಳ ವಾದ. ಇಬ್ಬರೂ ನನ್ನ ಕಡೆ ತಿರುಗಿದರು. ಸಿಂಧನೂರಿನಲ್ಲಿ ಏನಿದೆ? ರೈಸ್ ಮಿಲ್ಲು. ಎರಡು ವಾರ ವಾಟ್ಸಾಪ್‌ನಲ್ಲಿ ಹಗ್ಗಜಗ್ಗಾಟ ನಡೆಯಿತು.

ಆಗ ನನಗೆ ಬುದ್ಧಿ ಓಡಿತು. ಅದೇ ಮುಳುವಾಯಿತು.

ರಾಜರೂ ಬೇಡ, ಕೋಟೆಯೂ ಬೇಡ, ನಮ್ಮ ಮನೆಗಳಿಂದಲೇ ಶುರು ಮಾಡೋಣ ಎಂದೆ. ಪ್ರತಿ ಮಗು ಮನೆಯ ಹಿರಿಯರನ್ನು ಕೇಳಿ ಒಂದು ಪುಟ ಬರೆಯಲಿ, ಭಾನುವಾರ ಎಲ್ಲರೆದುರು ಓದಲಿ. ತಕ್ಷಣ ಇಬ್ಬರೂ ಒಪ್ಪಿದರು. ಯಾರೂ ಸೋಲದ ಐಡಿಯಾ ನೋಡಿ.

ನಮ್ಮ ಮನೆಯ ಹಿರಿಯರು ನಮ್ಮ ನಾನ್ನ, ಅಂದರೆ ನನ್ನ ಅಪ್ಪ, ಲಾಸ್ಯಾಳ ತಾತ. ನಾವು ಮನೆಯಲ್ಲಿ ತೆಲುಗು ಮಾತಾಡುವ ಕ್ಯಾಂಪಿನ ಜನ. ಕಾಲುವೆಗೆ ನೀರು ಬಂದಾಗ ಆಂಧ್ರದಿಂದ ಇದ್ದದ್ದನ್ನೆಲ್ಲ ಮಾರಿಕೊಂಡು ಬಂದವರು. ಗುಡಿಸಲು ಹಾಕಿ ಕ್ಯಾಂಪು ಕಟ್ಟಿಕೊಂಡು, ಹಾವು ಚೇಳಿನ ನಡುವೆ ಮಲಗಿ, ಜಾಲಿ ಕಡಿದು ಗದ್ದೆ ಮಾಡಿದವರು. ಅದರಲ್ಲಿ ಸುಳ್ಳೇನಿಲ್ಲ. ಅವರ ಅಂಗೈ ಇವತ್ತಿಗೂ ಒರಟು.

ಲಾಸ್ಯಾ ತಾತನ ಪಕ್ಕ ಎರಡು ಸಂಜೆ ಕೂತು ಬರೆದುಕೊಂಡಳು. ಶನಿವಾರ ಆ ಪುಟವನ್ನು ನಾನು ನೋಡಿದೆ. ಎರಡು ಒತ್ತಕ್ಷರ ತಿದ್ದಿದೆ. ವಿಷಯದಲ್ಲಿ ತಪ್ಪು ಕಾಣಲಿಲ್ಲ. ಕಾಣುವುದಾದರೂ ಹೇಗೆ? ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದವಳು ನಾನು.

ಭಾನುವಾರ ಸುವರ್ಣಾಳ ಮನೆಯ ಪಡಸಾಲೆ. ಚಾಪೆಯ ಮೇಲೆ ಮಕ್ಕಳು, ಗೋಡೆಗೆ ಒರಗಿ ಸುವರ್ಣಾಳ ಅತ್ತೆ ಶರಣಮ್ಮ. ಮೊದಲು ನಾನು ಓದ್ತೀನಿ ಅಂತ ಲಾಸ್ಯಾ ತಾನಾಗಿಯೇ ಕೈ ಎತ್ತಿದಳು. ವರ್ಷದಲ್ಲಿ ಮೊದಲ ಸಲ.

"ನಮ್ಮ ತಾತ ಬರುವ ಮೊದಲು ಇಲ್ಲಿ ಏನೂ ಇರಲಿಲ್ಲ. ಬ... ಬ... ಬರೀ ಜಾಲಿ ಇತ್ತು."

ಎಲ್ಲರೂ ಕಾದರು. 'ಇಲ್ಲಿಯ ಜನಕ್ಕೆ ನೀರು ಬಂದರೂ ಏನು ಮಾಡಬೇಕು ಗೊತ್ತಿರಲಿಲ್ಲ' ಎನ್ನುವ ಸಾಲಿಗೆ ಒಂದು ನಿಮಿಷ ಹಿಡಿಯಿತು. ಕಾದರು. 'ಮೂರು ಕಾಸಿಗೆ ಹೊಲ ಮಾರಿ ಹೋದರು' ಎನ್ನುವಲ್ಲಿ ಸುವರ್ಣಾ ನನ್ನ ಮುಖ ನೋಡಿದಳು. ಗಿರಿಜಾ ಫ್ಯಾನು ನೋಡಿದಳು. ರೂಲ್ ಅಂದರೆ ರೂಲ್. ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ. ಅವಮಾನವನ್ನು ಅಷ್ಟು ತಾಳ್ಮೆಯಿಂದ ಕಾದು ಕೇಳಿಸಿಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸುವರ್ಣಾ ನೋಡಿದಾಗಲೇ ನನಗೆ ತಿಳಿಯಿತು. ಸಾಕು ಪುಟ್ಟಾ ಅನ್ನಬಹುದಿತ್ತು. ಅನ್ನಲಿಲ್ಲ. ಮಗಳು ಓದುತ್ತಿದ್ದಳಲ್ಲ! ನನಗೆ ಅವಳ ದನಿ ಬೇಕಿತ್ತು. ಆ ದನಿ ಏನು ಹೇಳುತ್ತಿದೆ ಎನ್ನುವುದು ಬೇಕಿರಲಿಲ್ಲ.

ಓದಿ ಮುಗಿಸಿ ಮುಖ ಅರಳಿಸಿ ನಿಂತಳು. ಮಕ್ಕಳು ಚಪ್ಪಾಳೆ ತಟ್ಟಿದರು. ಶರಣಮ್ಮ ಅವಳನ್ನು ಹತ್ತಿರ ಕರೆದು ತಲೆ ಸವರಿದರು.

"ಚೊಲೋ ಓದಿದಿ ಯವ್ವಾ. ನಿಮ್ಮ ತಾತಗ ಒಂದು ಮಾತು ಹೇಳು. ಜಾಲಿ ಇತ್ತು, ಖರೆ. ನಾವೂ ಇದ್ವಿ. ವಳಕಮದಿನ್ನಿ ಕಡೆ ನಮ್ಮ ಹೊಲ ಇತ್ತು, ಹೊಲದಾಗ ನಮ್ಮ ಮಾವನ ಸಮಾಧಿ ಇತ್ತು. ಕೊಂಡವರು ಗದ್ದಿ ಮಾಡಾಕ ನೆಲ ಸಪಾಟ ಮಾಡಿದ್ರು. ಅದೂ ಸಪಾಟಾತು."

ಸಿಟ್ಟಿಲ್ಲ, ಅಳುವಿಲ್ಲ. ಉಂಡು ಹೋಗ್ರಿ ಎಂದು ಹೇಳಿ ಎದ್ದು ಒಳಗೆ ಹೋದರು. ನಾವು ಹೊರಡುವಾಗ ಹೊರಗೆ ಬರಲಿಲ್ಲ. ನಾನು ಜೋಳದ ರೊಟ್ಟಿ ಅರ್ಧಕ್ಕೇ ಬಿಟ್ಟು ಕೈ ತೊಳೆದಿದ್ದೆ.

ಮನೆಗೆ ಬಂದು ನಾನ್ನನಿಗೆ ಹೇಳಿದೆ. ಶರಣಮ್ಮ ಹೇಳಿದ್ದು ನಮ್ಮ ಹೊಲವೇ ಅಂತ ನನಗೇನೂ ಗೊತ್ತಿಲ್ಲ. ಆದರೂ ಕೇಳಿದೆ, ನಮ್ಮಲ್ಲಿ ಸಮಾಧಿ ಗಿಮಾಧಿ ಇತ್ತಾ ಅಂತ. ನಾವೇನು ಕಸಿದುಕೊಂಡೆವಾ, ಕೊಟ್ಟರು, ಕೊಂಡೆವು ಎಂದು ರೇಗಿದರು. ಸ್ವಲ್ಪ ಹೊತ್ತಿನ ಮೇಲೆ, ಕಲ್ಲು ಬಹಳ ಇದ್ದವು, ಕಿತ್ತು ಕಾಲುವೆ ದಂಡೆಗೆ ಹಾಕಿದೆವು, ಯಾವ ಕಲ್ಲು ಯಾರದು ಅಂತ ನಮಗೆ ಯಾರು ಹೇಳಿದ್ದರು ಎಂದರು. ಆ ರಾತ್ರಿ ಅವರೂ ಸರಿಯಾಗಿ ಊಟ ಮಾಡಲಿಲ್ಲ.

ಯಾರನ್ನು ಬೈಯಲಿ? ಪ್ರತಿ ಮನೆಯ ಕಥೆಯೂ ತಮ್ಮಿಂದಲೇ ಶುರುವಾಗುತ್ತದೆ. ನಮಗಿಂತ ಮೊದಲು ಯಾರಿದ್ದರು ಅಂತ ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದ್ದುಂಟೇ?

ಮರುದಿನ ಕ್ಷಮೆ ಕೇಳಲು ಸುವರ್ಣಾಗೆ ಫೋನ್ ಮಾಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಮ್ಮದೇನೂ ತಪ್ಪಿಲ್ಲ ಎಂದಳು ಸುವರ್ಣಾ. ಆಮೇಲೆ ಮೆಲ್ಲಗೆ, "ಸದ್ಯ ಬರೂದು ಬ್ಯಾಡ ಬಿಡ್ರಿ ಅಕ್ಕ. ಅತ್ತಿ ನಿನ್ನಿಯಿಂದ ಏನೂ ಉಂಡಿಲ್ಲ. ಕೂಸಿನ್ನ ನೋಡಿದ್ರ ಮತ್ತ ನೆನಪಾಕ್ಕೈತಿ" ಎಂದಳು. ಗಿರಿಜಾ ಎರಡು ದಿನ ಬಿಟ್ಟು ಏನೋ ಆಡಿಟ್ ಇದೆ ಎಂದಳು. ಗ್ರೂಪಿನಲ್ಲಿ ಈಗ ಗುಡ್ ಮಾರ್ನಿಂಗ್ ಕೂಡ ಬರುವುದಿಲ್ಲ.

ಲಾಸ್ಯಾ ಮೊದಲ ವಾರ ಭಾನುವಾರ ಯಾವಾಗ ಅಂತ ದಿನಕ್ಕೆ ನಾಲ್ಕು ಸಲ ಕೇಳಿದಳು. ಎರಡನೇ ವಾರ ಕೇಳಲಿಲ್ಲ. ನಾನೊಬ್ಬಳೇ ಎಷ್ಟು ದಿನ ಅವಳ ಎದುರು ಕೂತು ಆ ಇನ್ನಿಬ್ಬರು ಮಕ್ಕಳಾಗಲಿ? ಸೋತೆ. ಶಾಲೆಗೆ ಹೋಗಿ ಹೆಡ್‌ಮೇಡಂ ಮುಂದೆ ಕೈಕಟ್ಟಿ ನಿಂತೆ. ಸೋಮವಾರದಿಂದ ಕಳಿಸಿ ಎಂದಿದ್ದಾರೆ. ಅದೇ ಕ್ಲಾಸು, ಅದೇ ಹಿಂದಿನ ಬೆಂಚು.

ನಿನ್ನೆ ಬೆಳಿಗ್ಗೆ ಅವಳ ತಲೆ ಬಾಚುತ್ತಿದ್ದೆ. ಮುಂದೆ ಕೂತಿದ್ದವಳು ತಿರುಗದೆ ಒಂದು ಚೀಟಿ ಹಿಂದಕ್ಕೆ ಚಾಚಿದಳು. ತಿಂಗಳುಗಳ ನಂತರ ಬಂದ ಚೀಟಿ. 'ನಾನು ಓದೋದು ಲೇಟಾಯ್ತು ಅಂತ ಅಜ್ಜಿಗೆ ಸಿಟ್ಟು ಬಂತಾ?'

ಅಲ್ಲ ಎಂದರೆ, ಮತ್ತೆ ಯಾಕೆ ಎನ್ನುತ್ತಾಳೆ. ಹೌದು ಎಂದುಬಿಡಲೇ?