ಕಾದ ಉಳಿಯ ಮೇಲೆ ನಿಂತ ಭಾವ

ಶಿವಾರಪಟ್ಟಣದಲ್ಲಿ ನನ್ನ ಭಾವ ದೇವರ ವಿಗ್ರಹ ಕೆತ್ತುತ್ತಿದ್ದರು. ಎರಡನೇ ಮಹಾಯುದ್ಧಕ್ಕೆ ತುಸು ಮುಂಚಿನ ಮಾತು. ಒಂದು ದೊಡ್ಡ ವಿಗ್ರಹಕ್ಕೆ ಕೈ ಹಾಕಿದಾಗ, ಅದು ಮುಗಿಯುವವರೆಗೂ ರಾಗಿ, ಬೇಳೆ ಮುಟ್ಟದೆ ನೈವೇದ್ಯದಂಥ ಬಿಳಿ ಅನ್ನ, ನೀರುಮಜ್ಜಿಗೆಯಲ್ಲೇ ಇರುವ ವ್ರತ ಹಿಡಿದರು. ಅಕ್ಕ ಮಿಲ್ಲಿನ ಅಕ್ಕಿಯನ್ನು ನೀರು ತಿಳಿಯಾಗುವವರೆಗೆ ತೊಳೆದು ಬೇಯಿಸಿ, ಗಂಜಿ ಬಸಿದು ಹಸುವಿಗೆ ಹಾಕುತ್ತಿದ್ದಳು.

ಕಾಲೇಜಿನ ರಜೆಗೆ ನಾನು ಹೋದಾಗ ಭಾವ ಆಗಾಗ ಪಾದ ಉಜ್ಜಿಕೊಳ್ಳುತ್ತಿದ್ದರು. "ಜೋಮು ಕಣೋ, ಕೂತೂ ಕೂತೂ," ಎಂದರು. ಮಾರನೆಯ ದಿನ ಕುಲುಮೆಯಿಂದ ಕೆಂಪಗೆ ಕಾದ ಉಳಿ ತೆಗೆದು ನೆಲಕ್ಕಿಟ್ಟವರು, ಏಳುವಾಗ ಅದರ ಮೇಲೇ ಕಾಲೂರಿ ನಿಂತರು.

"ಏನೋ ಸೀದ ವಾಸನೆ. ಒಲೆ ಮೇಲೆ ಏನಿಟ್ಟಿದ್ದೀಯೇ?" ಎಂದು ಅಕ್ಕನನ್ನು ಕೂಗಿದರು.

ನಾನು ಅವರನ್ನು ತಳ್ಳಿ ಕೆಡವಿದೆ. ಆ ವಾಸನೆ ಈಗಲೂ ಊಟದ ನಡುವೆ ಮೂಗಿಗೆ ಬಂದಂತಾಗಿ ತಟ್ಟೆ ಸರಿಸಿಬಿಡುತ್ತೇನೆ.

ಮಾಲೂರಿನ ಡಾಕ್ಟರು ಗಾಯಕ್ಕಿಂತ ಊಟದ ವಿಚಾರವನ್ನೇ ಹೆಚ್ಚು ಕೇಳಿದರು. "ತವುಡಿನಲ್ಲಿರೋ ವಿಟಮಿನ್ ಮಿಲ್ಲಿನಲ್ಲೇ ಹೋಗುತ್ತೆ, ಉಳಿದದ್ದು ತೊಳೆದ ನೀರಲ್ಲಿ, ಬಸಿದ ಗಂಜಿಯಲ್ಲಿ. ಅದಿಲ್ಲದೆ ನರಗಳು ಸೊರಗಿವೆ. ಹೀಗೇ ಬಿಟ್ಟರೆ ನಾಳೆ ಈ ಜೋಮು ಕೈಗೂ ಬರುತ್ತೆ."

ಕೈ ಎಂದದ್ದೇ ಭಾವ ಬೆಚ್ಚಿದರು. ಆದರೂ, "ವ್ರತ?" ಎಂದರು.

"ಗಂಜಿ ಕುಡಿದು ಹಸು ಮಿರಮಿರ ಮಿಂಚ್ತಾ ಇದೆ, ನೀವ್ ನೋಡಿದ್ರೆ ಹಿಂಗೆ! ಕೈ ಹೋದ್ರೆ ದೇವರನ್ನ ಯಾರು ಕೆತ್ತೋದು? ಸುಮ್ನೆ ಮುದ್ದೆ ನುಂಗಿ," ಎಂದಳು ಅಕ್ಕ.

ಅಂದಿನಿಂದ ಮುದ್ದೆ, ಹುರುಳಿ ಸಾರು, ಡಾಕ್ಟರ ಚುಚ್ಚುಮದ್ದು. ದೀಪಾವಳಿಗೆ ನಾನು ಮತ್ತೆ ಹೋದಾಗ ವಿಗ್ರಹಕ್ಕೆ ಕಣ್ಣು ಬಿಡಿಸುವುದಷ್ಟೇ ಬಾಕಿಯಿತ್ತು. ಅಂಗಳ ದಾಟುತ್ತಿದ್ದ ಭಾವನ ಕಾಲಿಗೆ ಕಲ್ಲಿನ ಚಕ್ಕೆ ಚುಚ್ಚಿತು. "ಅಯ್ಯಪ್ಪಾ!" ಎಂದು ಒಂಟಿಕಾಲಲ್ಲಿ ಕುಣಿದರು.

ಅಕ್ಕ ಒಳಗಿನಿಂದ ಓಡಿಬಂದು, "ಇನ್ನೊಂದ್ಸಲ ಕೂಗ್ರೀ!" ಎಂದು ನಗತೊಡಗಿದಳು.