ಗುರೆಳ್ಳು ಹಿಂಡಿಯೊಳಗಿನ ಅಣಬೆ

ಮೊದಲು ರಕ್ತ ಕಂಡದ್ದು ಹಲ್ಲು ತಿಕ್ಕುವಾಗ. ಬಚ್ಚಲಲ್ಲಿ ಉಗುಳಿದೆ, ಕೆಂಪಗಿತ್ತು. ನಾನು ಎಲೆ ಅಡಿಕೆ ತಿನ್ನುವವಳಲ್ಲ. ಒಂದು ತಂಬಿಗೆ ನೀರು ಹೊಯ್ದು ಒಳಗೆ ಬಂದೆ. ಯಾರಿಗೂ ಹೇಳಲಿಲ್ಲ. ಮುದುಕಿಯ ವಸಡು, ಹರಿದಿರಬೇಕು ಅಂದುಕೊಂಡೆ.

ಆಮೇಲೆ ಮೊಣಕೈ ಹತ್ತಿರ ಒಂದು ಕಲೆ ಬಿತ್ತು. ಬದನೆಕಾಯಿ ಬಣ್ಣ. ಎಲ್ಲಿಯೂ ಬಡಿದುಕೊಂಡ ನೆನಪಿಲ್ಲ. ತೊಡೆಯ ಮೇಲೂ ಅಂಥದ್ದೇ ಒಂದು. ಗಂಗವ್ವ ನೋಡಿದಳು. ಗಂಗವ್ವ ಅಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಇಬ್ಬರ ಗಂಡಂದಿರೂ ತೀರಿಕೊಂಡಿದ್ದಾರೆ. ಮುದ್ದೇಬಿಹಾಳದಲ್ಲಿ ಮಾರ್ಕೆಟ್ ಯಾರ್ಡಿನ ಹಿಂದೆ ನನ್ನ ಮಗ ಬಸುವಿನ ಮನೆಯಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ಜಗಳಾಡಿಕೊಂಡು ಇದ್ದೇವೆ.

“ಯಕ್ಕಾ, ಯಾರ್ ಕೂಡ ಕುಸ್ತಿ ಹಿಡದಿದ್ದಿ?” ಅಂದಳು.

“ನಿನ್ನ ಕೂಡ ಹಿಡದಿದ್ದರ ನೀ ಉಳೀತಿದ್ದಿಲ್ಲ.”

ನಕ್ಕೆವು. ಆದರೆ ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ನನ್ನ ಎದೆಯಲ್ಲಿ ಲೋಹದ ವಾಲ್ವ್ ಇದೆ. ಕೆಲವು ವರ್ಷಗಳ ಹಿಂದೆ ವಿಜಯಪುರದಲ್ಲಿ ಎದೆ ಸೀಳಿ ಕೂಡಿಸಿದ್ದು. ಸುತ್ತಮುತ್ತ ಸದ್ದಿಲ್ಲದಾಗ ಟಿಕ್ ಟಿಕ್ ಅನ್ನುತ್ತದೆ. ಗಂಗವ್ವ ಅದಕ್ಕೆ ಗಡಿಯಾರ ಅನ್ನುತ್ತಾಳೆ. ಆ ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿದರೆ ನನ್ನ ಕಥೆ ಮುಗಿಯಿತು. ಅದಕ್ಕೆ ರಕ್ತ ತೆಳ್ಳಗಿಡುವ ಗುಳಿಗೆಯನ್ನು ಸಾಯುವ ತನಕ ನುಂಗಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಸರಿಯಾಗಿದೆಯೋ ಇಲ್ಲವೋ ನೋಡಲು ಐ.ಎನ್.ಆರ್. ಅನ್ನುವ ಟೆಸ್ಟ್. ನಾನು ಮೂರನೇ ಇಯತ್ತೆ ತನಕ ಸಾಲಿಗೆ ಹೋದವಳು. ಇಂಗ್ಲಿಷಿನಲ್ಲಿ ಆ ಮೂರು ಅಕ್ಷರ ಬಿಟ್ಟರೆ ಬೇರೆ ಬರುವುದಿಲ್ಲ.

ಅಣಬೆ ಮನೆಗೆ ಬಂದದ್ದು ಹೇಗೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಮುಂಗಾರಿಗೆ ಮೊದಲು ನನಗೆ ವಿಪರೀತ ದಣಿವು. ನಾಲ್ಕು ರೊಟ್ಟಿ ಬಡಿದರೆ ಗೋಡೆಗೆ ಒರಗಬೇಕು. ನಿದ್ದೆಯಿಲ್ಲ. ಆಗ ಸಿಂದಗಿಯಿಂದ ನನ್ನ ಅಣ್ಣನ ಸೊಸೆ ಸುನಂದಾ ಬಂದಳು. ಅವಳು ಔಷಧಿ ಅಣಬೆಯ ಪುಡಿ ಮಾರುತ್ತಾಳೆ. ಡಬ್ಬಿಯ ಮೇಲೆ ಕೆಂಪಗೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ಅಣಬೆಯ ಚಿತ್ರ. ಚೀನಾದವರು ಹಿಂದಿನಿಂದಲೂ ತಿನ್ನುತ್ತಾರಂತೆ, ಶಕ್ತಿ ಬರುತ್ತದಂತೆ, ನಿದ್ದೆ ಬರುತ್ತದಂತೆ, ಸಕ್ಕರೆ ಬಿ.ಪಿ. ಎಲ್ಲ ಹತೋಟಿಗೆ ಬರುತ್ತದಂತೆ. ಅವಳ ತಾಯಿಗೆ ಕ್ಯಾನ್ಸರ್ ಚಿಕಿತ್ಸೆಯಾದ ಮೇಲೆ ಅನ್ನ ಸೇರುತ್ತಿರಲಿಲ್ಲ, ಇದನ್ನು ತಿಂದ ಮೇಲೆ ಹಸಿವು ಬಂತು ಅಂದಳು. ಹುಡುಗಿ ಮೋಸಗಾರ್ತಿಯಲ್ಲ. ತಾನೂ ದಿನಾ ತಿನ್ನುತ್ತಿದ್ದಳು.

ಗಂಗವ್ವ ಡಬ್ಬಿ ಮೂಸಿ ನೋಡಿ ದೂರ ಸರಿಸಿದಳು. “ತಿಪ್ಪಿ ಮ್ಯಾಲ ಏಳೋದನ್ನ ಬಾಯಾಗ ಹಾಕ್ಕೋತಿ?”

ಹಾಲಿನಲ್ಲಿ ಕುಡಿದೆ, ವಾಂತಿ ಬಂತು. ಬಿಸಿನೀರಿನಲ್ಲಿ ಕುಡಿದೆ, ಅದೂ ಆಗಲಿಲ್ಲ. ಅಷ್ಟು ಕಹಿ. ಚೆಲ್ಲಲು ಮನಸ್ಸಾಗಲಿಲ್ಲ. ನಮ್ಮ ಕಡೆ ಬಾಯಿಗೆ ಸೇರದ್ದನ್ನು ಸೇರಿಸುವ ದಾರಿ ಒಂದೇ, ಹಿಂಡಿ, ಅಂದರೆ ಚಟ್ನಿಪುಡಿ ಮಾಡುವುದು. ಕರಿಬೇವು, ಅಗಸಿ, ಹಾಗಲಕಾಯಿ, ಯಾವುದೇ ಇರಲಿ, ಹುರಿದು ಖಾರ ಉಪ್ಪು ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ಮುಗಿಯಿತು, ರೊಟ್ಟಿಗೆ ಹಚ್ಚಿಕೊಂಡು ತಿನ್ನಬಹುದು. ಗುರೆಳ್ಳು, ಅಂದರೆ ಹುಚ್ಚೆಳ್ಳು, ಮೊದಲೇ ಕರಿ, ಸ್ವಲ್ಪ ಕಹಿ. ಅದರಲ್ಲಿ ಈ ಪುಡಿ ಕೂಡಿಸಿ, ಒಂದು ಚೂರು ಬೆಲ್ಲ ಹಾಕಿ ಕುಟ್ಟಿದೆ. ನನ್ನದೇ ಬೇರೆ ಡಬ್ಬಿಯಲ್ಲಿ ತುಂಬಿಟ್ಟೆ.

ರೊಟ್ಟಿ ಎರಡು ಹೊತ್ತು. ರೊಟ್ಟಿಯಿದ್ದಲ್ಲಿ ಹಿಂಡಿ. ಚಮಚದ ಲೆಕ್ಕ ಯಾರಿಗೆ, ಕೈಗೆ ಬಂದಷ್ಟು. ಪುಡಿ ಮುಗಿದರೆ ಸುನಂದಾ ಇನ್ನೊಂದು ಡಬ್ಬಿ ಕಳಿಸುತ್ತಿದ್ದಳು. ಸುಳ್ಳು ಹೇಳುವುದಿಲ್ಲ, ನನಗೆ ನಿದ್ದೆ ಬಂತು. ಕಣ್ಣು ಮುಚ್ಚಿದರೆ ಬೆಳಕು ಹರಿಯುತ್ತಿತ್ತು. ಬರಬರುತ್ತ ಅದು ಅಣಬೆ ಅನ್ನುವುದೇ ಮರೆಯಿತು. ಅದು ಹಿಂಡಿಯಾಗಿತ್ತು.

ಆಮೇಲೆ ವಸಡು. ಆಮೇಲೆ ಕಲೆ. ನಡುವೆ ಕೆಮ್ಮು ಬಂದಿತ್ತು, ಬಸು ಔಷಧ ಅಂಗಡಿಯಿಂದ ಗುಳಿಗೆ ತಂದುಕೊಟ್ಟಿದ್ದ.

ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದೆ. ಹಿಟ್ಟಿನ ಮೇಲೆ ಟಪ್ ಅಂತ ಒಂದು ಹನಿ ಬಿತ್ತು.

ಮೂಗಿನಿಂದ.

ತಣ್ಣೀರು ಬಟ್ಟೆ ಹಾಕಿದರು, ಮೂಗು ಹಿಂಡಿ ಹಿಡಿದರು. ನಿಲ್ಲಲಿಲ್ಲ. ಸೆರಗು ತೊಯ್ದು ಭಾರವಾಯಿತು. ಬಸು ಗಾಡಿ ಮಾಡಿಕೊಂಡು ಬಂದ. ಗಂಗವ್ವ ಆ ಗಡಿಬಿಡಿಯಲ್ಲಿಯೂ ಬುತ್ತಿ ಕಟ್ಟುವುದು ಮರೆಯಲಿಲ್ಲ. ಒಂದು ಗಂಟು ಕಡಕ್ ರೊಟ್ಟಿ, ತನಗೆ ಶೇಂಗಾ ಹಿಂಡಿ, ನನಗೆ ನನ್ನ ಡಬ್ಬಿ. ದವಾಖಾನೆಗೆ ಹೋಗುವವರು ರೊಟ್ಟಿ ಇಲ್ಲದೆ ಹೋದರೆ ಹೇಗೆ.

ವಿಜಯಪುರದಲ್ಲಿ ಅಡ್ಮಿಟ್ ಮಾಡಿಕೊಂಡರು. ಮೂಗಿಗೆ ಹತ್ತಿ ತುರುಕಿದರು. ಐ.ಎನ್.ಆರ್. ಎಲ್ಲಿಯೋ ಏರಿ ಕೂತಿತ್ತು, ಅಂದರೆ ರಕ್ತ ತೀರಾ ತೆಳ್ಳಗಾಗಿತ್ತು. ಡಾಕ್ಟರ್ ಇಂಡಿ ಕಡೆಯ ಹೆಣ್ಣುಮಗಳು, ಸಣ್ಣ ವಯಸ್ಸು, ನಿಧಾನ ಮಾತು. ಏನೇನು ಗುಳಿಗೆ ನುಂಗುತ್ತೀರಿ ಎಂದು ಕೇಳಿದರು. ಎಲ್ಲ ಹೇಳಿದೆ, ಕೆಮ್ಮಿನ ಗುಳಿಗೆಯನ್ನೂ ಹೇಳಿದೆ. ಅದು ರಕ್ತದ ಗುಳಿಗೆಯ ಜೋರು ಹೆಚ್ಚಿಸಿದೆ, ಅದರಿಂದಲೇ ಐ.ಎನ್.ಆರ್. ಏರಿದ್ದು ಅಂದರು.

“ಬ್ಯಾರೆ ಏನರೆ ಔಷಧ ಐತೇನ್ರಿ ಅಮ್ಮಾ? ಆಯುರ್ವೇದ, ನಾಟಿ ಔಷಧ?”

“ಇಲ್ರಿ.”

ಗಂಗವ್ವನೂ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಇಬ್ಬರೂ ಮುಚ್ಚಿಡಲಿಲ್ಲ. ನೆನಪಿಗೇ ಬರಲಿಲ್ಲ. ಹಸಿರು ಸೊಪ್ಪು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ತಿನ್ನಬಾರದು ಎಂದು ಹಿಂದಿನ ಡಾಕ್ಟರ್ ಹೇಳಿದಾಗಿನಿಂದ ನಾನು ಮೆಂತ್ಯ ಪಲ್ಯವನ್ನು ಕೂಡ ಅಳತೆಯಲ್ಲಿ ತಿನ್ನುವವಳು. ಹಿಂಡಿಯ ಬಗ್ಗೆ ಯಾರೂ ಏನೂ ಹೇಳಿರಲಿಲ್ಲ.

ರಕ್ತ ತೆಳ್ಳಗಿಡುವ ಗುಳಿಗೆ ನಿಲ್ಲಿಸಿದರು. ಐ.ಎನ್.ಆರ್. ಇಳಿಯಿತು. ಡಾಕ್ಟರ್ ಮುಖ ಅರಳಿತು.

ರಕ್ತ ನಿಲ್ಲಲಿಲ್ಲ.

ಮೂಗಿನ ಹತ್ತಿ ತೆಗೆದರೆ ಜಿನುಗುತ್ತಿತ್ತು. ಬಾಯಿ ಮುಕ್ಕಳಿಸಿದರೆ ಕೆಂಪು. ಸೂಜಿ ಚುಚ್ಚಿದಲ್ಲೆಲ್ಲ ಕರ್ರಗೆ ಕಲೆ. ಪ್ಲೇಟ್‌ಲೆಟ್, ಅಂದರೆ ರಕ್ತ ಕಟ್ಟುವಂತೆ ಮಾಡುವ ಕಣ, ಎಷ್ಟಿವೆ ಎಂದು ಎಣಿಸಿದರು, ಸರಿ ಇತ್ತು. ಇನ್ನೂ ಏನೇನೋ ಟೆಸ್ಟ್ ಮಾಡಿದರು. ಮತ್ತೆ ಡಾಕ್ಟರ್ ಬಂದು ಮಂಚದ ಪಕ್ಕ ನಿಂತರು.

“ಗುಳಿಗಿ ಬಿಟ್ಟು ಭಾಳ ದಿನ ಇರಾಕ ಬರಂಗಿಲ್ರಿ. ವಾಲ್ವ್ ಕಟ್ಕೊಂತಂದ್ರ ಕಷ್ಟ ಐತಿ. ಚಾಲೂ ಮಾಡೂಣಂದ್ರ ರಕ್ತ ನಿಂದ್ರವಲ್ದು.”

ರಕ್ತದ್ದೇ ಬೇರೆ ಯಾವುದಾದರೂ ರೋಗ ಇರಬಹುದು, ಬೆಳಗಾವಿಗೆ ಕಳಿಸಬೇಕಾದೀತು ಎಂದು ಬಸುವನ್ನು ಹೊರಗೆ ಕರೆದು ಹೇಳಿದರು. ಒಳಗೆ ಬಂದವನು ಮುಖ ತಿರುಗಿಸಿ ನನ್ನ ಹೊದಿಕೆ ಸರಿಮಾಡಿದ. ನನಗೆ ಅಷ್ಟರಲ್ಲೇ ತಿಳಿಯಿತು.

ಆ ದಿನಗಳಲ್ಲಿ ನನಗೆ ಮಲಗಲಾಗಲಿಲ್ಲ, ಕೂರಲಾಗಲಿಲ್ಲ. ಸಲೈನ್ ಕಂಬ ತಳ್ಳಿಕೊಂಡು ವರಾಂಡದಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ನರ್ಸ್‌ಗಳು ಬೈದು ಮಲಗಿಸುತ್ತಿದ್ದರು, ಮತ್ತೆ ಏಳುತ್ತಿದ್ದೆ. ಜನ ಮಾತಾಡಿದರೆ ಸಿಟ್ಟು ಬರುತ್ತಿತ್ತು, ಟಿಕ್ ಟಿಕ್ ಕೇಳಿಸುವುದಿಲ್ಲ ಎಂದು. ಸುಮ್ಮನಿದ್ದರೆ ಇನ್ನೂ ಹೆದರಿಕೆ, ಈಗ ಕೇಳಿಸಿದ್ದೇ ಕಡೆಯದೋ ಎಂದು. ಸಾವಿಗೆ ಹೆದರುವ ವಯಸ್ಸಲ್ಲ ನನ್ನದು ಎಂದು ಊರಲ್ಲಿ ಎಷ್ಟೋ ಜನರ ಮುಂದೆ ಅಂದಿದ್ದೆ. ಹೆದರಿದೆ. ಎದೆಯೊಳಗಿನ ಯಂತ್ರ ನಿಲ್ಲುವುದನ್ನು ನಾನೇ ಕೂತು ಕೇಳಿಸಿಕೊಳ್ಳಬೇಕಲ್ಲ, ಅದಕ್ಕೆ ಹೆದರಿದೆ.

ಗಂಗವ್ವ ಆಗಾಗ ಬಗ್ಗಿ ನನ್ನ ಎದೆಗೆ ಕಿವಿ ಇಡುತ್ತಿದ್ದಳು. ವಾರ್ಡಿನವರು ನೋಡಿದರೂ ಬಿಡುತ್ತಿರಲಿಲ್ಲ.

“ನಡದೈತಿ,” ಅನ್ನುತ್ತಿದ್ದಳು.

ಆಮೇಲೆ ಉಣ್ಣಲು ಕೊಡುತ್ತಿದ್ದಳು. ದವಾಖಾನೆಯ ಉಪ್ಪಿಟ್ಟು ಇಬ್ಬರಿಗೂ ಸೇರಲಿಲ್ಲ. ಕಡಕ್ ರೊಟ್ಟಿ ವಸಡಿಗೆ ಚುಚ್ಚುತ್ತದೆ ಎಂದು ಮೊಸರಲ್ಲಿ ಮುರಿದು ನೆನೆಸಿ, ಮೇಲೆ ನನ್ನ ಡಬ್ಬಿಯ ಹಿಂಡಿ ಉದುರಿಸಿ, ಕಲಸಿ ಕೊಡುತ್ತಿದ್ದಳು. ರಕ್ತ ಹೋಗಿದೆ, ಶಕ್ತಿ ಬರಲಿ ಎಂದು ಎರಡು ಚಿಟಿಕೆ ಹೆಚ್ಚೇ.

ನಸೀಮಾ ಅನ್ನುವ ನರ್ಸ್ ಇದ್ದಳು, ಹೊರ್ತಿಯವಳು. ಮಧ್ಯಾಹ್ನ ನಾವು ಉಣ್ಣುವಾಗ ಬಿ.ಪಿ. ನೋಡಲು ಬಂದಳು. ಅವಳಿನ್ನೂ ಉಂಡಿರಲಿಲ್ಲ. ಉಣ್ಣುವವರ ಮುಂದೆ ಹಸಿದವರು ನಿಲ್ಲುವುದು ನಮ್ಮಲ್ಲಿ ನಡೆಯುವುದಿಲ್ಲ. ಬೇಡ ಬೇಡ ಅಂದರೂ ಗಂಗವ್ವ ಕೈಗೆ ರೊಟ್ಟಿ ತುರುಕಿದಳು. ನಾನು ನನ್ನ ಡಬ್ಬಿಯಿಂದ ಹಿಂಡಿ ಹಾಕಿದೆ.

ಒಂದು ತುತ್ತಿಗೇ ಅವಳ ಮುಖ ಗಂಟಾಯಿತು.

“ಆಯಿ, ಗುರೆಳ್ಳು ಹೊತ್ತಿಸೀರೇನ? ಎಷ್ಟ್ ಕಹಿ ಐತಿ.”

ನನಗೆ ರೇಗಿತು. ಸಾಯುತ್ತಿದ್ದರೇನಂತೆ, ನನ್ನ ಹುರಿಯುವಿಕೆಗೆ ಹೆಸರಿಡಲು ಬಿಡುವವಳಲ್ಲ. “ನಾ ಯಾಕ ಹೊತ್ತಸ್ಲಿ? ಅದು ಅಣಬಿ ಪುಡಿ ಕಹಿ.”

“ಯಾವ ಅಣಬಿ?”

“ಶಕ್ತಿಗೆ ತಿಂತಾಳವ್ವ,” ಗಂಗವ್ವ ಅಂದಳು. “ತಿಪ್ಪಿಯಾಗಿಂದು ತಿಂದು ಪೈಲ್ವಾನ ಆಗಾಕ ಹೊಂಟಾಳ.”

ನಸೀಮಾ ನಗಲಿಲ್ಲ. ತನಗೆ ಅದರ ಬಗ್ಗೆ ಗೊತ್ತಿಲ್ಲ, ಮೇಡಮ್ಮರಿಗೆ ತೋರಿಸುತ್ತೇನೆ ಎಂದು ಡಬ್ಬಿ ಎತ್ತಿಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಡಾಕ್ಟರ್ ಬಂದರು. ಕೈಯಲ್ಲಿ ನನ್ನ ಡಬ್ಬಿ.

“ನಾ ಕೇಳಿದ್ದೆ ಅಲ್ರಿ ಅಮ್ಮಾ.”

“ನೀವು ಔಷಧ ಕೇಳಿದ್ರಿ. ಇದು ಹಿಂಡಿರಿ.”

ಅವರು ಮಂಚದ ಅಂಚಿಗೆ ಕೂತುಬಿಟ್ಟರು. ಬೈಯಲಿಲ್ಲ. ಬಸುವಿಗೆ ಹೇಳಿ ಸುನಂದಾಳ ಡಬ್ಬಿಯ ಫೋಟೋ ಫೋನಿಗೆ ತರಿಸಿಕೊಂಡರು. ನೋಡಿ, ನನಗೆ ತಿಳಿಯುವ ಹಾಗೆ ಹೇಳಿದರು. ಈ ಜಾತಿಯ ಅಣಬೆ ಕೆಲವರಿಗೆ ನಿದ್ದೆಗೆ, ಹಸಿವಿಗೆ ಅನುಕೂಲ ಆಗಬಹುದು, ಕೆಲವು ದೇಶಗಳಲ್ಲಿ ಚಿಕಿತ್ಸೆಯ ಜೊತೆಗೆ ಕೊಡುವುದೂ ಉಂಟು. ಆದರೆ ರೋಗ ವಾಸಿ ಮಾಡುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಡಬ್ಬಿಯಲ್ಲಿ ನಿಜಕ್ಕೂ ಏನಿದೆ, ಎಷ್ಟಿದೆ ಎಂದು ಹೇಳುವುದೂ ಕಷ್ಟ. ಕೆಲವರಿಗೆ ಲಿವರಿಗೆ ತೊಂದರೆಯಾಗಿದೆ. ಮತ್ತೆ ಇದು ಆ ಪ್ಲೇಟ್‌ಲೆಟ್ ಕಣಗಳು ಒಂದಕ್ಕೊಂದು ಅಂಟುವುದನ್ನು ತಡೆಯಬಹುದು, ಕಣ ಎಷ್ಟಿವೆ ಎಂದು ಎಣಿಸುವ ಟೆಸ್ಟಿನಲ್ಲಿ ಅದು ಕಾಣುವುದಿಲ್ಲ. ನನ್ನಂಥ ಗುಳಿಗೆ ನುಂಗುವವರು ಮುಟ್ಟಬಾರದು.

“ಹಂಗಾರ ಇದರಿಂದನ ಆತೇನ್ರಿ?” ಬಸು ಕೇಳಿದ.

“ಇದೊಂದ ಕಾರಣ ಅಂತ ನಾ ಹೇಳಂಗಿಲ್ಲ. ಬಿಟ್ಟು ನೋಡೂಣು.”

ಬಿಟ್ಟೆವು. ಗಂಗವ್ವನ ಶೇಂಗಾ ಹಿಂಡಿಯಲ್ಲಿ ಉಂಡೆ. ಬೆಳಗಾವಿಗೆ ಕಳಿಸುವುದನ್ನು ಸ್ವಲ್ಪ ದಿನ ಮುಂದೆ ಹಾಕಿದರು. ಕಾಯುವ ಆ ದಿನಗಳೇ ಎಲ್ಲಕ್ಕಿಂತ ಕೆಟ್ಟವು. ಪ್ರತಿ ಸಲ ಬಾಯಿ ಮುಕ್ಕಳಿಸಿ ಬಗ್ಗಿ ನೋಡುವುದು. ಕೆಂಪು. ಮತ್ತೆ ಕೆಂಪು. ಆಮೇಲೆ ಗುಲಾಬಿ. ಆಮೇಲೊಂದು ಬೆಳಿಗ್ಗೆ ಬರೀ ನೀರು.

ಗಂಗವ್ವನನ್ನು ಕರೆದು ತೋರಿಸಿದೆ. ಬಚ್ಚಲಲ್ಲಿ ಇಬ್ಬರು ಮುದುಕಿಯರು ಉಗುಳು ನೋಡುತ್ತ ನಿಂತೆವು.

ಗುಳಿಗೆ ಸಣ್ಣ ಪ್ರಮಾಣದಿಂದ ಮತ್ತೆ ಶುರು ಮಾಡಿದರು. ಬೆಳಗಾವಿಗೆ ಹೋಗುವುದು ಬೇಡವಾಯಿತು.

ಸುನಂದಾ ನೋಡಲು ಬಂದಳು. ಬಾಗಿಲಲ್ಲೇ ನಿಂತು ಅತ್ತಳು. ಗಿಡಮೂಲಿಕೆ ಇದ್ದ ಹಾಗೆ, ಇದರಿಂದ ಏನೂ ಆಗುವುದಿಲ್ಲ ಎಂದು ಅವಳಿಗೆ ಮಾರಲು ಕೊಟ್ಟವರು ಹೇಳಿದ್ದರಂತೆ.

“ದತ್ತೂರಿನೂ ಗಿಡದಾಗ ಬೆಳೀತೈತಿ,” ಅಂದೆ. “ಅಳಬ್ಯಾಡ. ಇನ್ನ ಮ್ಯಾಲ ಡಬ್ಬಿ ಕೊಡೂಮುಂದ ಕೇಳು, ನೀವು ದಿನಾ ಏನ್ ಗುಳಿಗಿ ನುಂಗ್ತೀರಿ ಅಂತ. ಡಾಕ್ಟರ್‌ಗೆ ತೋರಿಸಿ ತಿನ್ರಿ ಅಂತ ಹೇಳು.”

“ಹಂಗ ಕೇಳಿದ್ರ ಯಾರ್ ತಗೋತಾರ ಅತ್ತಿ?”

“ತಗೋಬಾರದವರು ತಗೊಳಂಗಿಲ್ಲ.”

ಅವಳ ತಾಯಿ ಈಗಲೂ ಅಣಬೆ ತಿನ್ನುತ್ತಾಳೆ. ತನ್ನ ಡಾಕ್ಟರಿಗೆ ಡಬ್ಬಿ ತೋರಿಸಿ, ಲಿವರ್ ಟೆಸ್ಟ್ ಮಾಡಿಸಿಕೊಂಡು ತಿನ್ನುತ್ತಾಳೆ. ಆಕೆಗೆ ಅದು ಹಿಡಿಸಿದೆ. ನಾನು ಬೇಡ ಅನ್ನುವುದಿಲ್ಲ. ಆಕೆಯ ಮೈ ಆಕೆಯದು, ಆಕೆಯ ಎದೆಯಲ್ಲಿ ವಾಲ್ವ್ ಇಲ್ಲ.

ಮನೆಗೆ ಬಂದ ದಿನ ಗಂಗವ್ವ ನನ್ನ ಡಬ್ಬಿಯನ್ನು ತಿಪ್ಪೆಗೆ ಸುರಿದು ಬಂದಳು. “ಎಲ್ಲಿಂದ ಬಂದಿತ್ತೋ ಅಲ್ಲಿಗೆ ಹೋತು,” ಅಂದಳು.

ಮೈಯಲ್ಲಿ ರಕ್ತ ಕಡಿಮೆ ಇದೆಯಂತೆ, ಕಬ್ಬಿಣಾಂಶದ ಗುಳಿಗೆ ಕೊಟ್ಟಿದ್ದಾರೆ. ಮೊದಲಿನ ದಣಿವು ಅದರದೇ ಇರಬೇಕು, ಅವತ್ತೇ ರಕ್ತ ಟೆಸ್ಟ್ ಮಾಡಿಸಿದ್ದರೆ ತಿಳಿಯುತ್ತಿತ್ತು. ಈಗ ಸ್ವಲ್ಪ ಮೇಲು. ನಿದ್ದೆ ಮಾತ್ರ ಹೋಗಿದೆ. ಆ ಹಿಂಡಿ ತಿಂದಾಗ ಬರುತ್ತಿದ್ದ ನಿದ್ದೆ ಮತ್ತೆ ಬಂದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಟೆಸ್ಟಿಗೆ ಹೋದಾಗ ಆ ಡಾಕ್ಟರ್ ಈಗ ಔಷಧ ಏನು ಎಂದು ಕೇಳುವುದಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹೋಯಿತು ಹೇಳಿ ಅನ್ನುತ್ತಾರೆ. ನಾನು ಚಹಾದಿಂದ ಶುರು ಮಾಡುತ್ತೇನೆ. ಪಲ್ಯ, ಉಪ್ಪಿನಕಾಯಿ, ಹಿಂಡಿ, ಹಿಂಡಿಯಲ್ಲಿ ಏನೇನು ಹಾಕಿದೆ, ಎಲ್ಲ. ಹಿಂದೆ ನಿಂತವರು ಗೊಣಗುತ್ತಾರೆ. ಗೊಣಗಲಿ.

ಮನೆಯಲ್ಲಿ ಒಮ್ಮೊಮ್ಮೆ, ರೊಟ್ಟಿ ಬಡಿಯುತ್ತಾ ನನ್ನ ಕೈ ನಿಂತರೆ, ಗಂಗವ್ವ ಹಿಟ್ಟು ನಾದುವುದನ್ನು ಬಿಟ್ಟು ಎದ್ದು ಬರುತ್ತಾಳೆ. ಹಿಟ್ಟಿನ ಕೈಯಲ್ಲೇ ನನ್ನ ಭುಜ ಹಿಡಿದು, ಬಗ್ಗಿ, ಕಿವಿ ಇಡುತ್ತಾಳೆ.

“ನಡದೈತಿ,” ಅನ್ನುತ್ತಾಳೆ. “ರೊಟ್ಟಿ ಹೊತ್ತಾಕತ್ತೈತಿ, ತಿರುವಿ ಹಾಕು.”

ತಿರುವಿ ಹಾಕುತ್ತೇನೆ.